ಅರವತ್ತು ಜನರ ಭಾನುವಾರದ ಬ್ರಂಚ್: ಬೆಂಗಳೂರಿನಲ್ಲಿ ಜಾಗ ಆರಿಸುವ ಬಗೆ

ಅರವತ್ತರ ಹುಟ್ಟುಹಬ್ಬ, ನಿವೃತ್ತಿಯ ಕೂಟ, ಕಾಲೇಜಿನ ಹಳೆಯ ಬ್ಯಾಚು, ಹೊರದೇಶದಿಂದ ರಜೆಗೆ ಬಂದ ಮಗಳನ್ನು ನೆಂಟರೆಲ್ಲ ಒಂದೇ ಸಲಕ್ಕೆ ನೋಡಲಿ ಎಂಬ ಅಪೇಕ್ಷೆ. ಸಂದರ್ಭ ಯಾವುದೇ ಇರಲಿ, ಸಂಜೆಯ ಪಾರ್ಟಿಯ ಬದಲು ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ, ತಿಂಡಿಯೂ ಊಟವೂ ಬೆರೆತ ಬ್ರಂಚಿಗೆ ಸೇರೋಣ ಎನ್ನುವ ಬೆಂಗಳೂರಿನ ಕುಟುಂಬಗಳು ಈಗ ಹೆಚ್ಚುತ್ತಿವೆ. ಇದಕ್ಕೆ ಸಕಾರಣಗಳೂ ಇವೆ. ಆ ಹೊತ್ತಿನಲ್ಲಿ ರಸ್ತೆ ಇದ್ದುದರಲ್ಲಿ ಖಾಲಿಯಿರುತ್ತದೆ, ವಯಸ್ಸಾದವರು ಕತ್ತಲಾಗುವ ಮುನ್ನ ಮನೆ ಸೇರಬಹುದು, ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಸಂಜೆಯ ಕಡೆಗೇ ಬರುತ್ತದೆ. ಭಾನುವಾರದ ರಾಹುಕಾಲವೂ ಸಂಜೆ ನಾಲ್ಕೂವರೆಯ ಮೇಲೆ ಇರುವುದರಿಂದ ಪಂಚಾಂಗ ನೋಡುವ ಹಿರಿಯರ ಆಕ್ಷೇಪಣೆಗೂ ಆಸ್ಪದವಿಲ್ಲ. ತೊಡಕು ಶುರುವಾಗುವುದು ಜಾಗದ ವಿಚಾರಕ್ಕೆ ಬಂದಾಗ: ಹೋಟೆಲಿನ ಪಾರ್ಟಿ ಹಾಲೇ, ಪಂಚತಾರಾ ಹೋಟೆಲೇ, ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿಗೆ ಅಡುಗೆಯವರನ್ನು ಕರೆಸುವುದೇ, ಊರ ಹೊರಗಿನ ರೆಸಾರ್ಟೇ?

ಇವುಗಳನ್ನು ತೂಗುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಊರಿನ ಹೋಟೆಲುಗಳ ದಿನಚರಿಯಲ್ಲಿ ಬ್ರಂಚಿಗೆ ಜಾಗವೇ ಇಲ್ಲ. ಬೆಳಗಿನ ತಿಂಡಿ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ, ಊಟ ಹನ್ನೆರಡು ಅಥವಾ ಹನ್ನೆರಡೂವರೆಗೆ ಆರಂಭವಾಗುತ್ತದೆ, ನಡುವಿನ ಒಂದೂವರೆ ಗಂಟೆಯಲ್ಲಿ ಅಡುಗೆಮನೆ ಇಡ್ಲಿ ಪಾತ್ರೆಯನ್ನು ಇಳಿಸಿ ಅನ್ನದ ಹಂಡೆಯನ್ನು ಏರಿಸುತ್ತಿರುತ್ತದೆ. ನೀವು ಅರವತ್ತು ಜನರನ್ನು ಕರೆದುಕೊಂಡು ಹೋಗುವುದು ಸರಿಯಾಗಿ ಆ ಸಂಧಿಯಲ್ಲಿ. ಆದ್ದರಿಂದ ಯಾವ ಜಾಗದವರನ್ನಾದರೂ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ. ಹನ್ನೊಂದೂವರೆಗೆ ಬಂದವರಿಗೆ ಬಿಸಿ ಇಡ್ಲಿ ಸಿಗುತ್ತದೆಯೇ, ಹನ್ನೆರಡಕ್ಕೆ ಹಸಿವಾದವರಿಗೆ ಬಿಸಿಬೇಳೆ ಬಾತ್ ಸಿದ್ಧವಿರುತ್ತದೆಯೇ ಎಂಬುದು. ಈ ಎರಡಕ್ಕೂ ಹೌದು ಎನ್ನುವವರು ಕಡಿಮೆ. ಹಾಗೆ ಹೇಳದವರನ್ನು ಪಟ್ಟಿಯಿಂದ ತೆಗೆದುಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಯಾವುದನ್ನು ಅಳೆಯಬೇಕು

ಎರಡನೆಯ ಅಳತೆ ಕೂತಿರಲು ಸಿಗುವ ಹೊತ್ತು. ಅರವತ್ತು ಜನ ಸೇರುವುದು ಮಾತಿಗಾಗಿ. ತಿನ್ನಲು ಮುಕ್ಕಾಲು ಗಂಟೆ ಸಾಕು, ಉಳಿದ ಎರಡು ಗಂಟೆ ಮಾತಿನದು. ಎಲೆ ಎತ್ತಿದ ಕೂಡಲೇ ಮುಂದಿನ ಗುಂಪಿಗೆ ಮೇಜು ಒರೆಸಲು ನಿಲ್ಲುವ ಕಡೆ ಆಹಾರ ಎಷ್ಟೇ ಚೆನ್ನಾಗಿದ್ದರೂ ಕೂಟ ಕೆಡುತ್ತದೆ. ಪಾರ್ಟಿ ಹಾಲನ್ನು ಮೂರು ಗಂಟೆಗೆ ಕೊಡುತ್ತೇವೆ ಎಂದರೆ ಆ ಮೂರು ಗಂಟೆ ಯಾವಾಗಿನಿಂದ ಲೆಕ್ಕ, ಅಲಂಕಾರಕ್ಕೂ ಕೇಕಿಗೂ ಬೇಕಾದ ಅರ್ಧ ಗಂಟೆ ಅದರೊಳಗೆ ಸೇರಿದೆಯೇ, ಅದೇ ದಿನ ಮಧ್ಯಾಹ್ನ ಎರಡಕ್ಕೆ ಬೇರೊಬ್ಬರ ಕಾರ್ಯಕ್ರಮವಿದೆಯೇ ಎಂದು ಕೇಳಿ ತಿಳಿಯಬೇಕು.

ಮೂರನೆಯದು ತಲೆಯ ಲೆಕ್ಕ. ನಮ್ಮಲ್ಲಿ 'ನೋಡೋಣ, ಬರ್ತೀವಿ' ಎಂದವರು ಬರುತ್ತಾರೋ ಇಲ್ಲವೋ ಎಂಬುದು ಆ ದಿನ ಬೆಳಿಗ್ಗೆಯೇ ಗೊತ್ತಾಗುವುದು. ಜೊತೆಗೆ, ಹೇಳದೆಯೇ ಇಬ್ಬರು ಮಕ್ಕಳೂ ಒಬ್ಬ ಅತ್ತೆಯೂ ಬರುತ್ತಾರೆ. ಈ ಏರುಪೇರಿನ ಹೊರೆಯನ್ನು ಯಾರು ಹೊರುತ್ತಾರೆ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ದೊಡ್ಡ ಹೋಟೆಲುಗಳೂ ಪಾರ್ಟಿ ಹಾಲುಗಳೂ ಎರಡು ಮೂರು ದಿನ ಮೊದಲೇ ಕನಿಷ್ಠ ಸಂಖ್ಯೆಯನ್ನು ಖಚಿತಪಡಿಸಲು ಹೇಳುತ್ತವೆ. ಅದಕ್ಕಿಂತ ಕಡಿಮೆ ಜನ ಬಂದರೂ ಅಷ್ಟಕ್ಕೇ ಹಣ, ಹೆಚ್ಚು ಬಂದರೆ ಹೆಚ್ಚು ತಟ್ಟೆಗಳ ಹಣ. ಹತ್ತು ತಟ್ಟೆ ಹೆಚ್ಚಾದರೂ ನಿಭಾಯಿಸುತ್ತೇವೆ ಎನ್ನುವ ಕಡೆ ಖಚಿತ ಸಂಖ್ಯೆಯನ್ನು ತಗ್ಗಿಸಿ ಹೇಳುವುದೇ ಜಾಣತನ.

ಉಳಿದವನ್ನು ಬೇಗ ಹೇಳಬಹುದು. ಮೊಣಕಾಲು ನೋವಿನ ಹಿರಿಯರಿಗೆ ಲಿಫ್ಟು, ಬೆನ್ನಿಗೆ ಆಸರೆಯಿರುವ ಕುರ್ಚಿ, ಕಮೋಡ್ ಇರುವ ಶೌಚಾಲಯ. ಕಾರು ನಿಲ್ಲಿಸಲು ಸ್ಥಳ, ಇಲ್ಲವೇ ನಡೆದುಹೋಗುವಷ್ಟು ಹತ್ತಿರದಲ್ಲಿ ಮೆಟ್ರೋ ನಿಲ್ದಾಣ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಎಷ್ಟು ಮಂದಿ, ಮಾಂಸಾಹಾರ ಬೇಕೇ ಬೇಡವೇ, ಆ ಭಾನುವಾರ ಏಕಾದಶಿ ಬಿದ್ದಿದೆಯೇ ಎಂಬ ಪ್ರಶ್ನೆಗಳಿಗೆ ಜಾಗ ಗೊತ್ತು ಮಾಡುವ ಮೊದಲೇ ಮನೆಯವರಿಂದ ಉತ್ತರ ಪಡೆದಿರಬೇಕು.

ಹೆಸರಾಂತ ತಿಂಡಿ ಮನೆಗಳು

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. (1924), ಗಾಂಧಿಬಜಾರಿನ ವಿದ್ಯಾರ್ಥಿ ಭವನ (1943), ಮಲ್ಲೇಶ್ವರದ ಸಿ.ಟಿ.ಆರ್. ಎಂದೊಡನೆ ಬಾಯಲ್ಲಿ ನೀರೂರುತ್ತದೆ. ಹೊರಗಿನಿಂದ ಬಂದವರಿಗೆ ಊರನ್ನು ತೋರಿಸುವ ಆಸೆಯೂ ಆಗುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಅಲ್ಲಿ ನಾಲ್ಕು ಜನರಿಗೂ ಹೆಸರು ಬರೆಸಿ ಕಾಯಬೇಕು. ಕೂತ ಮೇಲೆ, ಬಾಗಿಲಲ್ಲಿ ಕಾಯುತ್ತಿರುವವರ ಕಣ್ಣು ನಿಮ್ಮ ಕಾಫಿ ಲೋಟದ ಮೇಲೇ ಇರುತ್ತದೆ. ಮೇಲೆ ಹೇಳಿದ ಸಂಧಿಕಾಲದ ತೊಂದರೆಯೂ ಇಲ್ಲಿಯೇ ಹೆಚ್ಚು. ಹತ್ತು ಹನ್ನೆರಡು ಜನರಿದ್ದು, ಏಳೂವರೆಗೇ ಹೋಗಲು ಸಿದ್ಧರಿದ್ದರೆ ಇದಕ್ಕಿಂತ ಸುಖವಾದ ಬೆಳಗು ಇನ್ನೊಂದಿಲ್ಲ. ಅರವತ್ತು ಜನರಿಗೆ ಇದು ಆಯ್ಕೆಯೇ ಅಲ್ಲ.

ದೊಡ್ಡ ಗುಂಪಿನವರಿಗೆ ಇದಕ್ಕೊಂದು ಮಧ್ಯದ ದಾರಿಯಿದೆ. ದೂರದಿಂದ ಬಂದ ಏಳೆಂಟು ಮಂದಿಯನ್ನು ಹಿಂದೆಯೋ ಮುಂದೆಯೋ ಒಂದು ದಿನ ಬೆಳಿಗ್ಗೆ ಅಲ್ಲಿಗೆ ಕರೆದೊಯ್ದು, ಮುಖ್ಯ ಕೂಟವನ್ನು ಬೇರೆಡೆ ಇಟ್ಟುಕೊಳ್ಳುವುದು. ವಾರದ ರಜೆಯನ್ನು ಮಾತ್ರ ಗಮನಿಸಬೇಕು: ಎಂ.ಟಿ.ಆರ್. ಸೋಮವಾರ, ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಮುಚ್ಚುತ್ತವೆ.

ಹೋಟೆಲಿನ ಮಹಡಿಯ ಪಾರ್ಟಿ ಹಾಲ್

ಜಯನಗರ, ರಾಜಾಜಿನಗರ, ಬನಶಂಕರಿ, ಮಲ್ಲೇಶ್ವರಗಳ ಮಧ್ಯಮ ದರ್ಜೆಯ ಅನೇಕ ಹೋಟೆಲುಗಳ ಮೊದಲ ಅಥವಾ ಎರಡನೆಯ ಮಹಡಿಯಲ್ಲಿ ನಲವತ್ತರಿಂದ ನೂರು ಜನ ಹಿಡಿಸುವ ಹವಾನಿಯಂತ್ರಿತ ಹಾಲುಗಳಿವೆ. ತಲೆಯ ಲೆಕ್ಕದಲ್ಲಿ ಹಣ ಕೊಟ್ಟರೆ ಹಾಲಿಗೆ ಬೇರೆ ಬಾಡಿಗೆ ಕೇಳದಿರುವುದು ಇವುಗಳ ದೊಡ್ಡ ಅನುಕೂಲ. ಪಾತ್ರೆ, ನೀರು, ಬಡಿಸುವವರು, ಸ್ವಚ್ಛತೆ, ಯಾವುದರ ಚಿಂತೆಯೂ ನಿಮಗಿಲ್ಲ. ತೆರಿಗೆಯೂ ಹಗುರ: ಸಾಮಾನ್ಯ ರೆಸ್ಟೋರೆಂಟುಗಳ ಊಟದ ಮೇಲೆ ಜಿಎಸ್‌ಟಿ ಶೇಕಡಾ 5. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂಬ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ಅದನ್ನು ತೆಗೆಯಿರಿ ಎಂದು ಕೇಳಲು ಸಂಕೋಚ ಬೇಡ. ಬಡಿಸಿದವರ ಕೈಗೆ ನೇರವಾಗಿ ಏನಾದರೂ ಕೊಟ್ಟರೆ ಅದು ಅವರಿಗೆ ತಲುಪುತ್ತದೆ.

ಇದರ ದೌರ್ಬಲ್ಯ ಮೆನುವಿನಲ್ಲಿದೆ. ಪಾರ್ಟಿ ಹಾಲುಗಳ ಸಿದ್ಧ ಪಟ್ಟಿ ಬಹುತೇಕ ಉತ್ತರ ಭಾರತದ ಊಟದ್ದು: ಟೊಮ್ಯಾಟೊ ಸೂಪು, ಗೋಬಿ ಮಂಚೂರಿ, ಪನೀರ್, ನಾನ್, ಫ್ರೈಡ್ ರೈಸ್, ಐಸ್‌ಕ್ರೀಮ್. ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ತಿನ್ನಲು ಯಾರಿಗೂ ಮನಸ್ಸಿರುವುದಿಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ಗಳನ್ನು ಮೊದಲ ಸುತ್ತಿನಲ್ಲೂ, ಒಂದು ಅನ್ನದ ಬಾತು, ಕೋಸಂಬರಿ, ಮೊಸರನ್ನ, ಒಂದು ಸಿಹಿಯನ್ನು ಎರಡನೆಯ ಸುತ್ತಿನಲ್ಲೂ ಕೊಡಿ ಎಂದು ಮ್ಯಾನೇಜರನ್ನು ಒಪ್ಪಿಸಬೇಕು. ಕೆಳಗಿನ ಹೋಟೆಲಿನಲ್ಲಿ ಅದೇ ತಿಂಡಿ ಬೆಳಗಿನಿಂದ ತಯಾರಾಗುತ್ತಿರುವುದರಿಂದ ಇದು ಅವರಿಗೂ ಕಷ್ಟವಲ್ಲ, ಕೇಳುವವರು ಕಡಿಮೆ ಅಷ್ಟೆ. ಇನ್ನೊಂದು ಕೊರತೆ ಸದ್ದು: ತಗ್ಗಾದ ಚಾವಣಿ, ಟೈಲ್ಸಿನ ಗೋಡೆ, ಅರವತ್ತು ಜನರ ಮಾತು ಒಟ್ಟಾದರೆ ಶ್ರವಣಯಂತ್ರ ಹಾಕಿಕೊಂಡವರು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಜಾಗ ನೋಡಲು ಹೋಗುವುದಾದರೆ ಅಲ್ಲಿ ಬೇರೊಂದು ಕಾರ್ಯಕ್ರಮ ನಡೆಯುತ್ತಿರುವ ಹೊತ್ತಿನಲ್ಲೇ ಹೋಗುವುದು ಮೇಲು.

ಪಂಚತಾರಾ ಹೋಟೆಲಿನ ಭಾನುವಾರದ ಬ್ರಂಚ್

ವೈವಿಧ್ಯ, ಉಪಚಾರ, ಮಕ್ಕಳಿಗೆ ಪ್ರತ್ಯೇಕ ಮೂಲೆ, ವಿಶಾಲವಾದ ಅಂಗಳ ಎಲ್ಲವೂ ಇರುತ್ತವೆ. ಆದರೂ ದೊಡ್ಡ ಕುಟುಂಬಕ್ಕೆ ಇದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ದರವೊಂದೇ ಕಾರಣವಲ್ಲ. ಈ ಬ್ರಂಚುಗಳು ಬಹುಮಟ್ಟಿಗೆ ಹನ್ನೆರಡೂವರೆಗೆ ಶುರುವಾಗಿ ಮೂರರ ಮೇಲೆ ಮುಗಿಯುತ್ತವೆ. ಏಳಕ್ಕೆ ಕಾಫಿ, ಎಂಟೂವರೆಗೆ ತಿಂಡಿ ಎಂಬ ಅಭ್ಯಾಸದ ಹಿರಿಯರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ, ಅದು ತಡವಾದ ಊಟವೇ ಹೊರತು ಬ್ರಂಚ್ ಅಲ್ಲ. ಅವರು ಹೇಗಿದ್ದರೂ ಮನೆಯಲ್ಲಿ ತಿಂಡಿ ಮುಗಿಸಿಯೇ ಬರುತ್ತಾರೆ, ಅಲ್ಲಿ ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ನೀವು ಮಾತ್ರ ಪೂರ್ಣ ತಲೆಗೆ ಹಣ ಕೊಡುತ್ತೀರಿ. ಇಡೀ ಗುಂಪನ್ನು ಒಂದೇ ಕಡೆ ಕೂರಿಸುವುದೂ ಖಾತ್ರಿಯಿಲ್ಲ. ಬಫೆಯ ಸಾಲಿಗೆ ಎದ್ದುಹೋದವರು ಎಲ್ಲೆಲ್ಲೋ ಕೂರುತ್ತಾರೆ.

ಹಣದ ಲೆಕ್ಕವನ್ನೂ ತೆರಿಗೆ ಸೇರಿಸಿಯೇ ಮಾಡಬೇಕು. ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ಶೇಕಡಾ 18. ತಲೆಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಅರವತ್ತು ಜನರಿಗೆ 1,80,000; ತೆರಿಗೆ 32,400 ಸೇರಿ 2,12,400 ರೂಪಾಯಿ. ಮಹಡಿಯ ಪಾರ್ಟಿ ಹಾಲಿನಲ್ಲಿ ತಲೆಗೆ 700 ಎಂದುಕೊಂಡರೆ ಅದೇ ಅರವತ್ತು ಜನರಿಗೆ ತೆರಿಗೆ ಸೇರಿ 44,100. ಇಪ್ಪತ್ತೈದು ಜನರ ಒಳಗಿನ, ಬಹುತೇಕ ಐವತ್ತು ವರ್ಷದ ಕೆಳಗಿನ, ಮದ್ಯವೂ ಇರಲಿ ಎನ್ನುವ ಗೆಳೆಯರ ಗುಂಪಾದರೆ ಲೆಕ್ಕ ಬೇರೆ; ಪರವಾನಗಿಯ ತಲೆನೋವಿಲ್ಲದೆ ಅದು ಸಿಗುವ ಜಾಗವೂ ಇದೇ. ನಿಮ್ಮದೇ ಸಭಾಂಗಣದಲ್ಲಿ ಮದ್ಯ ಕೊಡಬೇಕಾದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಪರವಾನಗಿ ಪಡೆಯಬೇಕಾಗುತ್ತದೆ.

ಇಲ್ಲಿಯೇ ಕ್ಲಬ್ಬುಗಳ ಮಾತನ್ನೂ ಹೇಳಿಬಿಡಬಹುದು. ಬೆಂಗಳೂರು ಕ್ಲಬ್ (1868), ಸೆಂಚುರಿ ಕ್ಲಬ್ (1917) ಮೊದಲಾದ ಕಡೆ ಮರದ ನೆರಳು, ಅಗ್ಗದ ಬಿಲ್ಲು, ಎದ್ದೇಳಿ ಎನ್ನದ ಸೌಜನ್ಯ ಎಲ್ಲವೂ ಉಂಟು, ಆದರೆ ಸದಸ್ಯರ ಮೂಲಕವೇ ಹೋಗಬೇಕು. ಕುಟುಂಬದಲ್ಲಿ ಸದಸ್ಯರೊಬ್ಬರಿದ್ದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲದಿರಬಹುದು. ಉಡುಪಿನ ನಿಯಮವೊಂದನ್ನು ಮಾತ್ರ, ಪಂಚೆ ಉಟ್ಟು ಬರುವ ಹಿರಿಯರಿದ್ದರೆ, ಮೊದಲೇ ವಿಚಾರಿಸಬೇಕು.

ಕ್ಲಬ್ ಹೌಸ್ ಮತ್ತು ಅಡುಗೆಯವರು

ಐವತ್ತರಿಂದ ಎಂಬತ್ತು ಜನರ, ಮೂರು ತಲೆಮಾರು ಕೂಡುವ ಬ್ರಂಚಿಗೆ ನನ್ನ ಮೊದಲ ಮತ ಇದಕ್ಕೇ. ಕಾರಣ ಸರಳ: ಅಡುಗೆಮನೆಯ ಗಡಿಯಾರ ಇಲ್ಲಿ ನಿಮ್ಮ ಕೈಯಲ್ಲಿರುತ್ತದೆ. ಹತ್ತೂವರೆಯಿಂದ ತಿಂಡಿ, ಹನ್ನೆರಡೂಕಾಲರಿಂದ ಬಾತು ಎಂದು ಅಡುಗೆ ಕಾಂಟ್ರಾಕ್ಟರರಿಗೆ ಹೇಳಿದರೆ ಹಾಗೆಯೇ ನಡೆಯುತ್ತದೆ. ಮೂರೂವರೆಯವರೆಗೆ ಕೂತರೂ ಕೇಳುವವರಿಲ್ಲ, ಮಕ್ಕಳು ಹೊರಗೆ ಆಡಿಕೊಳ್ಳುತ್ತಾರೆ, ಮಧ್ಯದಲ್ಲಿ ಸುಸ್ತಾದ ಅಜ್ಜಿ ಮೇಲಿನ ಮನೆಗೆ ಹೋಗಿ ಅರ್ಧ ಗಂಟೆ ಮಲಗಿ ಬರಬಹುದು. ಬಾಡಿಗೆಯೂ ನಿವಾಸಿಗಳಿಗೆ ಅಲ್ಪ.

ಆದರೆ ಹೋಟೆಲಿನವರು ಮಾಡುತ್ತಿದ್ದ ಕೆಲಸವೆಲ್ಲ ನಿಮ್ಮ ತಲೆಗೆ ಬರುತ್ತದೆ. ನಿವಾಸಿಗಳ ಸಂಘದ ಒಪ್ಪಿಗೆ ಬೇಕು. ಅನೇಕ ಸಂಘಗಳು ಕ್ಲಬ್ ಹೌಸಿನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ, ಕೆಲವು ಮಾಂಸಾಹಾರವನ್ನೂ ಒಪ್ಪುವುದಿಲ್ಲ. ಒಲೆಗೆ ಅವಕಾಶವಿಲ್ಲದಿದ್ದರೆ ಬಿಸಿ ದೋಸೆಯ ಆಸೆ ಬಿಟ್ಟು, ಹೊರಗೆ ಬೇಯಿಸಿ ತಂದರೂ ಕೆಡದ ತಿಂಡಿಗಳನ್ನು ಆರಿಸಬೇಕು: ತಟ್ಟೆ ಇಡ್ಲಿ, ಶಾವಿಗೆ ಬಾತು, ಪೊಂಗಲ್, ಬಿಸಿಬೇಳೆ ಬಾತು ಎರಡು ಗಂಟೆ ತಡೆಯುತ್ತವೆ, ಪೂರಿ, ಉದ್ದಿನ ವಡೆ, ಅಕ್ಕಿ ರೊಟ್ಟಿ ತಡೆಯುವುದಿಲ್ಲ.

ಒಲೆಗೆ ಅವಕಾಶವಿದ್ದರೂ ದೋಸೆಯ ವಿಚಾರದಲ್ಲಿ ಸ್ವಲ್ಪ ಗಣಿತ ಮಾಡುವುದು ಒಳ್ಳೆಯದು. ಅರವತ್ತು ಜನ, ತಲೆಗೆ ಎರಡರಂತೆ ನೂರಿಪ್ಪತ್ತು ದೋಸೆ. ಒಂದು ಕಾವಲಿಯ ಮೇಲೆ ಒಮ್ಮೆಗೆ ಆರು, ಒಂದು ಸುತ್ತಿಗೆ ಐದು ನಿಮಿಷ ಎಂದರೆ ಗಂಟೆಗೆ ಎಪ್ಪತ್ತೆರಡು. ಎಲ್ಲರಿಗೂ ಮುಟ್ಟಲು ಒಂದು ಗಂಟೆ ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಮಾತನಾಡುವುದು ಬೆನ್ನುಗಳ ಜೊತೆ. ಎರಡು ಕಾವಲಿ ಕೇಳಿ, ಇಲ್ಲವೇ ದೋಸೆಯನ್ನು ಮುಖ್ಯ ತಿಂಡಿಯಾಗಿ ಇಡದೆ ಬಯಸಿದವರಿಗೆ ಮಾತ್ರ ಎಂದು ಪಕ್ಕದಲ್ಲಿಡಿ. ಕಾಫಿಗೂ ಹೀಗೆಯೇ ಎಚ್ಚರ ಬೇಕು: ಬೆಳಿಗ್ಗೆ ಬೆರೆಸಿ ಫ್ಲಾಸ್ಕಿಗೆ ತುಂಬಿದ ಕಾಫಿ ಹನ್ನೆರಡಕ್ಕೆ ಯಾರಿಗೂ ಬೇಡವಾಗುತ್ತದೆ, ಆದ್ದರಿಂದ ಡಿಕಾಕ್ಷನ್ನೂ ಹಾಲೂ ಬೇರೆ ಬೇರೆ ಇರಲಿ, ಊಟದ ನಂತರ ಮತ್ತೊಂದು ಸುತ್ತು ಹೊಸದಾಗಿ ಬೆರೆಸಲಿ ಎಂದು ಮೊದಲೇ ಮಾತಾಡಿಕೊಳ್ಳಬೇಕು.

ಕಾಂಟ್ರಾಕ್ಟರರ ದರದಲ್ಲಿ ಏನೇನು ಸೇರಿದೆ ಎಂಬುದು ಜಗಳದ ಮೂಲ. ತಟ್ಟೆಗೆ ಇಷ್ಟು ಎಂದವರು ಆಮೇಲೆ ಬಡಿಸುವವರ ಕೂಲಿ, ಪಾತ್ರೆ ಬಾಡಿಗೆ, ಗ್ಯಾಸು, ಸಾಗಾಣಿಕೆ, ಕುಡಿಯುವ ನೀರಿನ ಕ್ಯಾನು ಎಂದು ಪಟ್ಟಿ ಬೆಳೆಸುತ್ತಾರೆ. ಎಲ್ಲ ಸೇರಿ ಒಂದೇ ಮೊತ್ತ ಹೇಳಿ ಎಂದು ಕೇಳುವುದೇ ಸರಿ. ತಟ್ಟೆ ಲೋಟಗಳ ವಿಷಯದಲ್ಲಿ, ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಅಡಿಕೆ ಹಾಳೆಯ ತಟ್ಟೆ ಅಥವಾ ಸ್ಟೀಲಿನದನ್ನು ತರಿಸಿ. ಹಸಿ ಕಸವನ್ನು ಅವರೇ ಒಯ್ಯುತ್ತಾರೆಯೇ, ಸಂಘದ ತೊಟ್ಟಿಗೆ ಹಾಕಬೇಕೇ ಎಂಬುದೂ ಆಗಲೇ ಇತ್ಯರ್ಥವಾಗಲಿ. ಉಳಿದ ಬಾತನ್ನು ನೆಂಟರ ಡಬ್ಬಿಗಳಿಗೆ ತುಂಬಿಸುವ ಸ್ವಾತಂತ್ರ್ಯ ಈ ವ್ಯವಸ್ಥೆಯಲ್ಲಿ ಮಾತ್ರ ಇದೆ. ಬಫೆ ಹೋಟೆಲುಗಳು ಅದಕ್ಕೆ ಬಿಡುವುದಿಲ್ಲ.

ನೀವು ಅಪಾರ್ಟ್‌ಮೆಂಟಿನಲ್ಲಿ ಇಲ್ಲದಿದ್ದರೆ ಇದಕ್ಕೆ ಸಮನಾದದ್ದು ಕಲ್ಯಾಣ ಮಂಟಪಗಳ ಮಿನಿ ಹಾಲ್. ಅಡುಗೆಮನೆ, ಊಟದ ಮನೆ, ಪಾತ್ರೆ ಎಲ್ಲವೂ ಅಲ್ಲೇ ಇರುತ್ತವೆ. ಇಲ್ಲಿ ತಿಂಗಳನ್ನು ನೋಡಿ ವ್ಯವಹಾರ ಮಾಡಬೇಕು. ಲಗ್ನದ ಮುಹೂರ್ತವಿರುವ ಭಾನುವಾರ ಅರ್ಧ ದಿನಕ್ಕೆ ಯಾರೂ ಕೊಡುವುದಿಲ್ಲ, ಕೊಟ್ಟರೂ ಪೂರ್ತಿ ದಿನದ ಬಾಡಿಗೆ ಕೇಳುತ್ತಾರೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಅದೇ ಹಾಲುಗಳು ಖಾಲಿ ಬಿದ್ದಿರುತ್ತವೆ, ಚೌಕಾಸಿಗೆ ಒಗ್ಗುತ್ತವೆ. ಹೊರದೇಶದ ಮಕ್ಕಳು ರಜೆಗೆ ಬರುವುದೂ ಡಿಸೆಂಬರಿನಲ್ಲೇ ಆದ್ದರಿಂದ ಧನುರ್ಮಾಸ ಅನೇಕರಿಗೆ ಅನುಕೂಲವಾಗಿ ಒದಗುತ್ತದೆ. ಬಾಡಿಗೆಯ ಮೇಲಿನ ಶೇಕಡಾ 18 ಜಿಎಸ್‌ಟಿ, ಕರೆಂಟಿನ ಮೀಟರ್ ಲೆಕ್ಕ, ಜನರೇಟರಿನ ಡೀಸೆಲ್ಲು, ಸ್ವಚ್ಛತೆಯ ಶುಲ್ಕ ಇವುಗಳನ್ನು ಮಾತ್ರ ಮೊದಲೇ ಬರೆಸಿಕೊಳ್ಳಬೇಕು.

ಊರ ಹೊರಗೆ

ಕನಕಪುರ ರಸ್ತೆ, ದೇವನಹಳ್ಳಿ ಕಡೆಯ ರೆಸಾರ್ಟುಗಳು ಬೆಳಿಗ್ಗೆಯಿಂದ ಸಂಜೆಯವರೆಗಿನ ಪ್ಯಾಕೇಜನ್ನೇ ಮಾರುತ್ತವೆ: ತಿಂಡಿ, ಊಟ, ಸಂಜೆಯ ಟೀ, ಈಜುಕೊಳ. ನಿಮಗೆ ಬೇಕಾದದ್ದು ಮೂರು ಗಂಟೆ, ನೀವು ಹಣ ಕೊಡುವುದು ಎಂಟು ಗಂಟೆಗೆ. ಮಕ್ಕಳೂ ಯುವಕರೂ ಹೆಚ್ಚಿರುವ, ಇಡೀ ದಿನ ಬಿಡುವಿರುವ ಕಚೇರಿ ಗೆಳೆಯರ ಗುಂಪಿಗೆ ಇದು ಸರಿ. ಹಿರಿಯರು ಹೆಚ್ಚಿದ್ದರೆ ಭಾನುವಾರ ಸಂಜೆ ಊರಿಗೆ ಮರಳುವ ವಾಹನಗಳ ಸಾಲಿನಲ್ಲಿ ಅವರನ್ನು ಕೂರಿಸುವುದು ಬೇಡ.

ಇದಕ್ಕಿಂತ ನನಗೆ ಹಿಡಿಸಿದ ದಾರಿ ರಾಮನಗರದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ ಈ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ; ಸುಮಾರು 50 ಕಿ.ಮೀ. ದೂರ. ಗುಂಪು ಬರುವುದನ್ನು ಮುಂಚಿತವಾಗಿ ತಿಳಿಸಿ, ಬೆಳಿಗ್ಗೆ ತಿಂಡಿ ತಿಂದು, ಮಕ್ಕಳಿಗೆ ತೊಗಲುಗೊಂಬೆ, ಒನಕೆ, ರಾಗಿಕಲ್ಲುಗಳನ್ನು ತೋರಿಸಿ, ಊಟದ ಹೊತ್ತಿಗೆ ಮರಳಿ ಕೂರಬಹುದು. ತಿಂಡಿಗೂ ಊಟಕ್ಕೂ ನಡುವಿನ ಸಂಧಿಯನ್ನು ಸುತ್ತಾಟವೇ ತುಂಬುತ್ತದೆ. ಎರಡು ಎಚ್ಚರಿಕೆಗಳು: ಮೈಸೂರಿನ ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರದ ಹೊರಗಿನಿಂದ ಹಾದುಹೋಗುವುದರಿಂದ ಮುಂಚೆಯೇ ಹಳೆಯ ರಸ್ತೆಗೆ ಇಳಿದುಕೊಳ್ಳಬೇಕು; ಬೈಕಿನಲ್ಲಿ ಬರುವ ಹುಡುಗರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಪ್ರವೇಶವಿಲ್ಲ. ಹತ್ತಾರು ಕಾರುಗಳ ಬದಲು ಎರಡು ಮೂರು ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಗೆ ಹಿಡಿದರೆ ಮಾತು ದಾರಿಯಲ್ಲೇ ಶುರುವಾಗುತ್ತದೆ.

ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಮರದ ಕೆಳಗೆ ಸೇರೋಣ ಎನ್ನುವವರೂ ಇರುತ್ತಾರೆ. ಹೊರಗಿನ ಊಟ ತಂದು ಬಡಿಸಲು ಅಲ್ಲಿ ಅವಕಾಶವಿಲ್ಲ. ನಡೆದಾಡಲು ಹೋಗಿ, ಊಟಕ್ಕಲ್ಲ.

ಗೊತ್ತು ಮಾಡುವಾಗ

ಹಣ ಬಿಗಿಯಿದ್ದು ಓಡಾಡಲು ಮನೆಯಲ್ಲಿ ಇಬ್ಬರಾದರೂ ಇದ್ದರೆ ಕ್ಲಬ್ ಹೌಸ್ ಅಥವಾ ಮಿನಿ ಹಾಲ್; ಹಣ ಬಿಗಿಯಿದ್ದು ಓಡಾಡುವವರು ಯಾರೂ ಇಲ್ಲದಿದ್ದರೆ ಪಾರ್ಟಿ ಹಾಲ್. ಎಪ್ಪತ್ತು ದಾಟಿದವರು ಕಾಲುಭಾಗಕ್ಕಿಂತ ಹೆಚ್ಚಿದ್ದರೆ ಮೆಟ್ಟಿಲಿಲ್ಲದ ಜಾಗ ಎಂಬ ಒಂದೇ ಅಳತೆ ಉಳಿದೆಲ್ಲವನ್ನೂ ಮೀರಲಿ. ಗುಂಪಿನಲ್ಲಿ ಅರ್ಧದಷ್ಟು ಜನ ಮಾಂಸಾಹಾರ ಬೇಕೇ ಬೇಕು ಎನ್ನುವವರಾದರೆ, ಒಂದೇ ಅಡುಗೆಮನೆಯಲ್ಲಿ ಎರಡನ್ನೂ ಮಾಡಿಸುವ ಬದಲು, ಎರಡೂ ಬಗೆಯ ಅಡುಗೆಗೆ ಪ್ರತ್ಯೇಕ ವ್ಯವಸ್ಥೆಯಿರುವ ಪಾರ್ಟಿ ಹಾಲನ್ನು ಹುಡುಕುವುದು ಉತ್ತಮ. ಸಸ್ಯಾಹಾರಿ ಹಿರಿಯರು ಈ ವಿಚಾರವನ್ನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಊಟ ಬಿಟ್ಟು ಬರೀ ಹಣ್ಣು ತಿಂದು ಹೋಗುತ್ತಾರೆ.

ಮುಂಗಡ ಕೊಡುವಾಗ ರಸೀತಿಯ ಮೇಲೆಯೇ ನಾಲ್ಕು ವಿಷಯಗಳನ್ನು ಬರೆಸಿಕೊಳ್ಳಿ: ಹಾಲ್ ಸಿಗುವ ಮತ್ತು ಬಿಡಬೇಕಾದ ಗಂಟೆ, ಖಚಿತ ಸಂಖ್ಯೆ ಮತ್ತು ಅದನ್ನು ಬದಲಿಸಲು ಕೊನೆಯ ದಿನ, ತೆರಿಗೆ ಸೇರಿದ ಒಟ್ಟು ದರ, ದಿನಾಂಕ ಮುಂದೂಡಿದರೆ ಮುಂಗಡ ಏನಾಗುತ್ತದೆ ಎಂಬುದು. ಮಾತಿನಲ್ಲಿ ಒಪ್ಪಿಕೊಂಡ ಮ್ಯಾನೇಜರು ಆ ಭಾನುವಾರ ರಜೆಯಲ್ಲಿರಬಹುದು. ಅವರ ಬದಲಿಗೆ ಬಂದವರಿಗೆ ರಸೀತಿಯಲ್ಲಿ ಇರುವುದಷ್ಟೇ ಗೊತ್ತಿರುತ್ತದೆ.